ಮೂಗಿನಿಂದ ತೆಗೆಯುವ ಕಾಂಡಕೋಶ: ಸಂಶೋಧನೆಗೆ ಕೊಡುವುದು ಬೇರೆ, ಚಿಕಿತ್ಸೆಯೆಂದು ಕೊಳ್ಳುವುದು ಬೇರೆ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಊರು. ನಾಲ್ಕು ವರ್ಷಗಳ ಹಿಂದೆ ಆಟಿ ತಿಂಗಳಲ್ಲಿ ಅಡಿಕೆಗೆ ಮದ್ದು ಬಿಡುವಾಗ ನನ್ನ ತಮ್ಮ ಮರದಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವನ ಮೂಗಿನಿಂದಲೇ ಕಾಂಡಕೋಶ ತೆಗೆದು ಬೆನ್ನಿಗೆ ಹಾಕಿದರೆ ನಡೆದಾಡಬಹುದೆಂದು ಒಂದು ಖಾಸಗಿ ಕೇಂದ್ರದವರು ಹೇಳಿ ಲಕ್ಷಗಟ್ಟಲೆ ಹಣ ಕೇಳಿದ್ದಾರೆ. ಇದೇ ಹೊತ್ತಿಗೆ, ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ಅತ್ತೆಯವರನ್ನು ನೋಡುವ ವೈದ್ಯರು ಸಂಶೋಧನೆಗಾಗಿ ಅವರ ಮೂಗಿನಿಂದ ಒಂದು ಚೂರು ಅಂಗಾಂಶ ಕೊಡುತ್ತೀರಾ ಎಂದು ಕೇಳಿದ್ದಾರೆ. ಎರಡೂ ಒಂದೆಯೇ? ಮೆದುಳಿನ ಕಾಯಿಲೆಗೂ ಮೂಗಿಗೂ ಏನು ಸಂಬಂಧ? ತೆಗೆದರೆ ವಾಸನೆ ಹೋಗುವುದಿಲ್ಲವೇ? ಎಂಡೋಸಲ್ಫಾನಿನಿಂದ ಕಷ್ಟಪಡುತ್ತಿರುವ ನಮ್ಮ ಕಡೆಯ ಮಕ್ಕಳಿಗೆ ಇದರಿಂದ ಏನಾದರೂ ಉಪಯೋಗವುಂಟೆ?

ಉತ್ತರ: ಮೊದಲು ತುರ್ತಿನ ಮಾತು. ತಮ್ಮನ ವಿಷಯದಲ್ಲಿ ಆ ಕೇಂದ್ರಕ್ಕೆ ಮುಂಗಡ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮುಂದಕ್ಕೆ ಕೊಡುವುದನ್ನು ನಿಲ್ಲಿಸಿ. ಅತ್ತೆಯವರ ವಿಷಯದಲ್ಲಿ, ವಿವರಗಳನ್ನು ಕೇಳಿ ತಿಳಿದುಕೊಂಡ ಮೇಲೆ ಅವರಿಗೇ ಮನಸ್ಸಿದ್ದರೆ ಧಾರಾಳವಾಗಿ ಒಪ್ಪಬಹುದು. ಎರಡು ಕಡೆಯವರೂ ಕೈಹಾಕುವುದು ಮೂಗಿನ ಒಂದೇ ಜಾಗಕ್ಕೆ, ತೆಗೆಯುವುದು ಒಂದೇ ಬಗೆಯ ಅಂಗಾಂಶವನ್ನು. ಆದರೆ ಒಬ್ಬರು ಆ ಅಂಗಾಂಶದಲ್ಲಿ ಕಾಯಿಲೆಯನ್ನು ಓದಲು ಹೊರಟಿದ್ದಾರೆ. ಇನ್ನೊಬ್ಬರು ಇನ್ನೂ ಸಿದ್ಧವಾಗದ ಮದ್ದನ್ನು ಸಿದ್ಧವಾಗಿದೆಯೆಂದು ಮಾರಲು ಹೊರಟಿದ್ದಾರೆ. ಈ ವ್ಯತ್ಯಾಸ ಮನಸ್ಸಿಗೆ ಹತ್ತಬೇಕಾದರೆ ಮೂಗಿನ ಒಳಗೆ ಏನಿದೆ, ಅದನ್ನು ಹೇಗೆ ತೆಗೆಯುತ್ತಾರೆ, ತೆಗೆದ ಮೇಲೆ ಅದು ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ. ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯಾಗಿ ಮಾಡಿಕೊಂಡವನಾದ್ದರಿಂದ ಈ ಜಾಗ ನನಗೆ ಪರಿಚಿತ.

ಮೆದುಳು ಮತ್ತು ಬೆನ್ನುಹುರಿಯ ನರಕೋಶಗಳಲ್ಲಿ ಬಹುಪಾಲು ನಾವು ಹುಟ್ಟುವ ಹೊತ್ತಿಗೆ ಸಿದ್ಧವಾಗಿರುತ್ತವೆ, ಕೊನೆಯವರೆಗೂ ಅವೇ ಉಳಿಯುತ್ತವೆ. ಅವು ಸತ್ತರೆ ಆ ಜಾಗಕ್ಕೆ ಹೊಸವು ಬರುವುದಿಲ್ಲ. ಪಾರ್ಕಿನ್ಸನ್ ಕಾಯಿಲೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವುದಕ್ಕೂ ತಮ್ಮನ ಕಾಲು ತಾನಾಗಿಯೇ ಸರಿಹೋಗದಿರುವುದಕ್ಕೂ ಬುಡದಲ್ಲಿರುವುದು ಇದೇ ಕೊರತೆ. ಮೂಗಿನ ಮೇಲ್ಭಾಗದಲ್ಲಿ ವಾಸನೆಯನ್ನು ಹಿಡಿಯುವ ನರಕೋಶಗಳು ಮಾತ್ರ ಈ ನಿಯಮಕ್ಕೆ ಹೊರತು. ಅವುಗಳ ಒಂದು ತುದಿ ನಾವು ಎಳೆದುಕೊಳ್ಳುವ ಗಾಳಿಗೆ ತೆರೆದುಕೊಂಡಿರುತ್ತದೆ. ಇನ್ನೊಂದು ತುದಿ ಜರಡಿಯಂತೆ ತೂತುಗಳಿರುವ ತೆಳುವಾದ ಎಲುಬನ್ನು ದಾಟಿ ನೇರವಾಗಿ ಮೆದುಳಿಗೆ ಹೋಗಿ ಸೇರುತ್ತದೆ. ಧೂಳು, ಹೊಗೆ, ಶೀತದ ವೈರಸ್ಸು ಎಲ್ಲದರ ಏಟೂ ಅವಕ್ಕೆ ನೇರವಾಗಿ ಬೀಳುವುದರಿಂದ ಅವು ಹೆಚ್ಚು ಕಾಲ ಬಾಳುವುದಿಲ್ಲ. ಪ್ರಾಣಿಗಳಲ್ಲಿ ನೋಡಿದ ಲೆಕ್ಕದ ಪ್ರಕಾರ ಅವುಗಳ ಆಯಸ್ಸು ಸಾಧಾರಣವಾಗಿ ಒಂದೆರಡು ತಿಂಗಳು. ಸತ್ತ ಕೋಶದ ಜಾಗಕ್ಕೆ ಹೊಸದು ಬಂದು ಕೂತು, ತನ್ನ ತಂತುವನ್ನು ಮೆದುಳಿನವರೆಗೂ ಬೆಳೆಸಿ ಜೋಡಿಸಿಕೊಳ್ಳುತ್ತದೆ. ಪಾಸ್ಕ್ವಾಲೆ ಗ್ರಾಜಿಯಾಡೀ ಮತ್ತಿತರರು 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟಾಗ, ಬೆಳೆದ ಪ್ರಾಣಿಯಲ್ಲಿ ಹೊಸ ನರಕೋಶ ಹುಟ್ಟುತ್ತದೆಂಬ ಮಾತನ್ನು ನಂಬುವವರೇ ಕಡಿಮೆಯಿದ್ದರು.

ಹೊಸ ಕೋಶ ಎಲ್ಲಿಂದ ಬರುತ್ತದೆ? ಅಡಿಕೆ ತೋಟದಲ್ಲಿ ಮುದಿ ಮರ ಬೀಳುವ ಮೊದಲೇ ಅದರ ಪಕ್ಕದಲ್ಲಿ ಎಳೆ ಸಸಿ ನೆಟ್ಟಿರುತ್ತೀರಲ್ಲ, ಮೂಗಿನ ಈ ಪೊರೆಯಲ್ಲೂ ಹಾಗೆಯೇ ವ್ಯವಸ್ಥೆಯಿದೆ. ಪೊರೆಯ ಮೇಲ್ಪದರದ ಬುಡದಲ್ಲಿ ಸಣ್ಣ ಸಣ್ಣ ಕೋಶಗಳ ಸಾಲೊಂದಿದೆ. ಅವು ತಾವು ಇಬ್ಭಾಗವಾಗಿ ತಮ್ಮಂಥದೇ ಇನ್ನೊಂದನ್ನು ಉಳಿಸಿಕೊಳ್ಳುತ್ತವೆ, ಬೇಕಾದಾಗ ನರಕೋಶವನ್ನೋ ಆಸರೆ ಕೋಶವನ್ನೋ ಹುಟ್ಟಿಸುತ್ತವೆ. ಕಾಂಡಕೋಶವೆಂದರೆ ಇಷ್ಟೇ: ತನ್ನನ್ನು ಉಳಿಸಿಕೊಂಡೂ ಬೇರೆ ಬಗೆಯ ಕೋಶಗಳನ್ನು ಕೊಡಬಲ್ಲ ಕೋಶ. 2020ರಲ್ಲಿ ಕೋವಿಡ್ ಬಂದು ಎಷ್ಟೋ ಜನರಿಗೆ ಕಾಫಿಯ ಪರಿಮಳವೂ ತಿಳಿಯದೆ ಹೋಗಿದ್ದು ನಿಮಗೆ ನೆನಪಿರಬಹುದು. ಆ ವೈರಸ್ಸು ಮುಖ್ಯವಾಗಿ ಹಾಳು ಮಾಡಿದ್ದು ನರಕೋಶಗಳ ಸುತ್ತಲಿನ ಆಸರೆ ಕೋಶಗಳನ್ನು. ಬುಡದ ಕೋಶಗಳು ಮತ್ತೆ ಪೊರೆಯನ್ನು ಕಟ್ಟಿಕೊಂಡದ್ದರಿಂದ ಬಹುತೇಕರಿಗೆ ವಾಸನೆ ಮರಳಿತು. 2020ರಲ್ಲೇ ಅಮೆರಿಕದ ಸಂಶೋಧಕರು ವಯಸ್ಕರ ಮೂಗಿನ ಪೊರೆಯ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಡುವಯಸ್ಸಿನ ಮನುಷ್ಯರಲ್ಲೂ ಎಳೆಯ ನರಕೋಶಗಳು ಹುಟ್ಟುತ್ತಲೇ ಇರುತ್ತವೆಂದು ಖಚಿತಪಡಿಸಿದರು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ವ್ಯಾಪಾರ ಮಾಡುವವರು ಈ ಗೊಂದಲದಲ್ಲೇ ಬದುಕುತ್ತಾರೆ. 'ಮೂಗಿನ ಕಾಂಡಕೋಶ' ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೋಶಗಳು ಓಡಾಡುತ್ತವೆ. ಒಂದು, ಈಗ ಹೇಳಿದ ಮೇಲ್ಪದರದ ಬುಡದ ಕೋಶ. ಎರಡನೆಯದು ಮೇಲ್ಪದರದ ಕೆಳಗೆ ರಕ್ತನಾಳ, ಗ್ರಂಥಿ, ನರತಂತುಗಳಿರುವ ಒಳಪದರದಲ್ಲಿ ಸಿಗುವ ಕಾಂಡಕೋಶ. ಫ್ರಾನ್ಸಿನ ಮಾರ್ಸೇಯ ಫ್ರಾಂಸ್ವಾ ಫೆರೋನ್ ಅವರ ತಂಡ ಹೆಚ್ಚು ಕೆಲಸ ಮಾಡಿರುವುದು ಇದರ ಮೇಲೆ. ಮೂರನೆಯದು, ವಾಸನೆಯ ನರತಂತುಗಳನ್ನು ಮೂಗಿನಿಂದ ಮೆದುಳಿನವರೆಗೆ ಸುತ್ತಿಕೊಂಡು ದಾರಿ ತೋರಿಸುವ ಹೊದಿಕೆ ಕೋಶ. ಇದು ಕಾಂಡಕೋಶವೇ ಅಲ್ಲ. ಆದರೆ ಬೆನ್ನುಹುರಿಯ ಮೇಲೆ ನಡೆದಿರುವ ಮುಖ್ಯ ಪ್ರಯೋಗಗಳು ಈ ಹೊದಿಕೆ ಕೋಶದ ಸುತ್ತ ನಡೆದವು, ಇಲ್ಲವೇ ಇವೆಲ್ಲವೂ ಬೆರೆತಿರುವ ಇಡೀ ಪೊರೆಯನ್ನೇ ಬಳಸಿ ನಡೆದವು. ಆ ಕೇಂದ್ರದವರಿಗೆ 'ನೀವು ಹಾಕುವುದು ಈ ಮೂರರಲ್ಲಿ ಯಾವುದನ್ನು?' ಎಂದು ಕೇಳಿ ನೋಡಿ. ಸ್ಪಷ್ಟವಾದ ಉತ್ತರ ಬಾರದಿದ್ದರೆ ಅದೇ ನಿಮಗೆ ಉತ್ತರ.

ಇನ್ನು ಅಂಗಾಂಶ ತೆಗೆಯುವ ಕ್ರಮ. ವಾಸನೆಯ ಪೊರೆ ಮೂಗಿನ ತುಂಬ ಹರಡಿಕೊಂಡಿಲ್ಲ. ಎರಡೂ ಕಡೆ ಸೇರಿಸಿದರೂ ಕೆಲವೇ ಚದರ ಸೆಂಟಿಮೀಟರಿನಷ್ಟು, ಅದೂ ಮೇಲಿನ ಇಕ್ಕಟ್ಟಿನ ಸಂದಿಯಲ್ಲಿ, ಮೂಗಿನ ನಡುಗೋಡೆಗೂ ಪಕ್ಕದ ಸುರುಳಿ ಎಲುಬುಗಳಿಗೂ ನಡುವೆ. ಉಳಿದದ್ದೆಲ್ಲ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಉಸಿರಾಟದ ಪೊರೆ. ರೋಗಿಯನ್ನು ಕುರ್ಚಿಯಲ್ಲಿ ಒರಗಿಸಿ ಕೂರಿಸಿ, ಕ್ಸೈಲೋಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ದ್ರವದಲ್ಲಿ ಅದ್ದಿ ಹಿಂಡಿದ ಹತ್ತಿಯ ಪಟ್ಟಿಯನ್ನು ಆ ಸಂದಿಯಲ್ಲಿಟ್ಟು ಸ್ವಲ್ಪ ಹೊತ್ತು ಕಾಯುತ್ತೇವೆ. ಒಂದು ಮದ್ದು ಜೋಮು ಹಿಡಿಸುತ್ತದೆ, ಇನ್ನೊಂದು ರಕ್ತನಾಳಗಳನ್ನು ಕುಗ್ಗಿಸುತ್ತದೆ; ಊದಿಕೊಂಡಿದ್ದ ಪೊರೆ ಇಳಿದು ದಾರಿ ಬಿಡುತ್ತದೆ. ಗಂಟಲಿಗೆ ಇಳಿದ ಮದ್ದು ಕಹಿಯಾಗಿ, ನಾಲಿಗೆಯ ಬುಡ ದಪ್ಪಗಾದಂತೆ ಅನಿಸುವುದುಂಟು; ಹೆದರುವ ಕಾರಣವಿಲ್ಲ. ಆಮೇಲೆ ಪೆನ್ಸಿಲಿಗಿಂತ ಸಪೂರವಾದ ಎಂಡೋಸ್ಕೋಪನ್ನು ಒಳಗೆ ಬಿಟ್ಟು ಪರದೆಯಲ್ಲಿ ನೋಡುತ್ತ ಮೇಲಕ್ಕೆ ಹೋಗುತ್ತೇವೆ. ಕೆಳಗಿನ ಪೊರೆ ಗುಲಾಬಿ ಬಣ್ಣದ್ದು. ಮೇಲೆ ಹೋದಂತೆ ಕೆಲವರಲ್ಲಿ ಅದು ತುಸು ಹಳದಿಗೆ ತಿರುಗುತ್ತದೆ, ಎಷ್ಟೋ ಜನರಲ್ಲಿ ಬಣ್ಣ ನೋಡಿ ಗುರುತಿಸಲು ಆಗುವುದೇ ಇಲ್ಲ. ಸಣ್ಣ ಇಕ್ಕಳದ ಬಾಯಿಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟು, ಅಂದರೆ ಒಂದು ಜೀರಿಗೆ ಕಾಳಿಗಿಂತ ಚಿಕ್ಕದಾದ ಚೂರನ್ನು ಹಿಡಿದು ತೆಗೆದುಬಿಟ್ಟರೆ ಆಯಿತು. ರೋಗಿಗೆ ಒಂದು ಎಳೆತ ತಿಳಿಯುತ್ತದೆ, ಆ ಕಡೆಯ ಕಣ್ಣಿನಿಂದ ನೀರು ಬರುತ್ತದೆ. ನಾಲ್ಕೈದು ಹನಿ ರಕ್ತ ಬಂದು ನಿಲ್ಲುತ್ತದೆ. ಮೂಗಿನ ಬೇರೆ ಶಸ್ತ್ರಚಿಕಿತ್ಸೆಗೆಂದು ಹೇಗೂ ಅರಿವಳಿಕೆಯಲ್ಲಿರುವವರು ಮೊದಲೇ ಒಪ್ಪಿಗೆ ಕೊಟ್ಟಿದ್ದರೆ, ಆ ಹೊತ್ತಿನಲ್ಲೇ ತೆಗೆಯುವ ಪದ್ಧತಿಯೂ ಇದೆ.

ಅಪಾಯವಿಲ್ಲವೇ ಎಂದರೆ, ಇದೆ. ಕೈ ಪಳಗಿದವರಲ್ಲಿ ಅದು ಚಿಕ್ಕದು. ಮೇಲೆ ಹೇಳಿದ ಜರಡಿಯಂಥ ಎಲುಬು ಬಹಳ ತೆಳು, ಅದರಾಚೆಗೆ ಮೆದುಳಿನ ಹೊದಿಕೆ ಮತ್ತು ಅದರ ಸುತ್ತಲಿನ ನೀರು. ಇಕ್ಕಳ ಅಲ್ಲಿಗೆ ತಾಗಿದರೆ ಆ ನೀರು ಮೂಗಿನಿಂದ ಸೋರಬಹುದು, ಸೋಂಕು ಒಳಗೆ ಹೋಗಬಹುದು. ಅದಕ್ಕಾಗಿಯೇ ತೀರ ಛಾವಣಿಯನ್ನು ಬಿಟ್ಟು ನಡುಗೋಡೆಯ ಮೇಲ್ಭಾಗ ಅಥವಾ ಸುರುಳಿ ಎಲುಬಿನ ಬುಡದಿಂದ ಚೂರು ತೆಗೆಯುತ್ತೇವೆ. ವಾಸನೆ ಹೋಗುತ್ತದೆಂಬ ಭಯ ಸಹಜವೇ. ಬಯಾಪ್ಸಿಗೆ, ಅಂದರೆ ಹೀಗೆ ಚೂರು ತೆಗೆಯುವುದಕ್ಕೆ, ಮೊದಲು ಮತ್ತು ನಂತರ, 40 ವಾಸನೆಗಳನ್ನು ಗುರುತಿಸುವ ಪರೀಕ್ಷೆಯಂಥವುಗಳಿಂದ ಅಳೆದು ನೋಡಿದ ಅಧ್ಯಯನಗಳಲ್ಲಿ ಗ್ರಹಣಶಕ್ತಿ ಕುಂದಿದ್ದು ಕಂಡುಬಂದಿಲ್ಲ. ತೆಗೆಯುವ ಚೂರು ಚಿಕ್ಕದು, ಇನ್ನೊಂದು ಹೊಳ್ಳೆಯನ್ನು ಮುಟ್ಟಿರುವುದಿಲ್ಲ, ಪೊರೆಗೆ ತಾನೇ ಕಟ್ಟಿಕೊಳ್ಳುವ ಗುಣವೂ ಇದೆ. ನಿಮ್ಮ ಅತ್ತೆಯವರಿಗೆ ವಾಸನೆ ಈಗಾಗಲೇ ಕಡಿಮೆಯಾಗಿರುವ ಸಾಧ್ಯತೆಯೂ ಇದೆ. ಪಾರ್ಕಿನ್ಸನ್ ಇರುವ ಬಹಳ ಮಂದಿಯಲ್ಲಿ ಕೈ ನಡುಗಲು ಶುರುವಾಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಮಂಕಾಗಿರುತ್ತದೆ. ಆದ್ದರಿಂದ ಬಯಾಪ್ಸಿಗೆ ಮುಂಚೆ ಒಮ್ಮೆ ವಾಸನೆಯ ಪರೀಕ್ಷೆ ಮಾಡಿ ಬರೆದಿಡಲು ಹೇಳಿ. ಇಲ್ಲದಿದ್ದರೆ ಮೊದಲೇ ಇದ್ದ ಕೊರತೆಯ ದೂರು ಆಮೇಲೆ ಬಯಾಪ್ಸಿಯ ಮೇಲೆ ಬೀಳುತ್ತದೆ.

ತೆಗೆದ ಚೂರು ಕೂಡಲೇ ತಣ್ಣನೆಯ, ನಸುಗೆಂಪು ಬಣ್ಣದ ಪೋಷಕ ದ್ರವವಿರುವ ಸಣ್ಣ ಕುಪ್ಪಿಗೆ ಬೀಳಬೇಕು. ಅಲ್ಲಿಂದ ಮುಂದೆ ನನ್ನಂಥವರ ಕೆಲಸ ಮುಗಿದು ಪ್ರಯೋಗಾಲಯದವರದು ಆರಂಭವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಕಷ್ಟ ಇರುವುದೂ ಅಲ್ಲಿಯೇ. ಮೂಗು ಬಾಯಿಯಷ್ಟೇ ಮೈಲಿಗೆಯ ಜಾಗ, ಎಷ್ಟೋ ಬಗೆಯ ಬ್ಯಾಕ್ಟೀರಿಯಾ ಅಲ್ಲಿ ಸದಾ ಇರುತ್ತವೆ. ಆದ್ದರಿಂದ ಚೂರನ್ನು ಆಂಟಿಬಯಾಟಿಕ್ ಬೆರೆಸಿದ ದ್ರವದಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ಬಳಿಕ ಡಿಸ್ಪೇಸ್ ಎಂಬ ಕಿಣ್ವದಲ್ಲಿ, ದೇಹದ ಬಿಸಿಯಾದ 37 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಎರಡು ಪದರಗಳ ನಡುವಿನ ಅಂಟು ಸಡಿಲವಾಗುತ್ತದೆ. ನೆನೆದ ಕಡಲೆಯ ಸಿಪ್ಪೆ ಬಿಡಿಸಿದಂತೆ ಮೇಲ್ಪದರವನ್ನು ಸೂಕ್ಷ್ಮದರ್ಶಕದ ಕೆಳಗೆ ಸುಲಿದು ಬೇರೆ ಮಾಡಬಹುದು. ಒಳಪದರವನ್ನು ಕೊಚ್ಚಿ, ಕೊಲಾಜಿನೇಸ್ ಎಂಬ ಇನ್ನೊಂದು ಕಿಣ್ವದಿಂದ ಬಿಡಿಸಿ, ತಟ್ಟೆಯಲ್ಲಿ ಹರಡಿ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೆಲವು ದಿನಗಳಲ್ಲಿ ಚೂರಿನ ಅಂಚಿನಿಂದ ಉದ್ದುದ್ದನೆಯ ಕೋಶಗಳು ಹೊರಗೆ ಹರಿದು ಬಂದು ತಟ್ಟೆಗೆ ಅಂಟಿಕೊಳ್ಳುತ್ತವೆ. ಅವು ಬೆಳೆದಂತೆ ದ್ರವದ ಕೆಂಪು ಹಳದಿಗೆ ತಿರುಗುತ್ತದೆ. ಅದು ಹುಳಿಯಾಗುತ್ತಿದೆ, ಬದಲಿಸಬೇಕು ಎಂಬ ಗುರುತು. ವಾರಗಳು ಕಳೆಯುವಷ್ಟರಲ್ಲಿ ಜೀರಿಗೆಯಷ್ಟು ಚೂರಿನಿಂದ ಲಕ್ಷಾಂತರ ಕೋಶಗಳಾಗುತ್ತವೆ.

ಆಮೇಲೆ ಪೋಷಕ ದ್ರವದಲ್ಲಿದ್ದ ಸೀರಮ್ಮನ್ನು (ರಕ್ತದಿಂದ ಪಡೆದ ತಿಳಿದ್ರವವನ್ನು) ತೆಗೆದು, ಬೆಳವಣಿಗೆಯನ್ನು ಪ್ರಚೋದಿಸುವ ಎರಡು ಪ್ರೋಟೀನುಗಳನ್ನು ಮಾತ್ರ ಕೊಟ್ಟರೆ ಕೆಲವು ಕೋಶಗಳು ತಟ್ಟೆಯನ್ನು ಬಿಟ್ಟು ಮೇಲೆದ್ದು ಒಂದಕ್ಕೊಂದು ಅಂಟಿ ಸಣ್ಣ ಉಂಡೆಗಳಾಗಿ ತೇಲುತ್ತವೆ. ಇವನ್ನು ನ್ಯೂರೋಸ್ಫಿಯರ್, ನರಗೋಳ ಎನ್ನುತ್ತಾರೆ. ಅವು ನಿಜವಾಗಿ ನರಜಾತಿಯ ಕಾಂಡಕೋಶಗಳೇ ಎಂಬುದನ್ನು ನೆಸ್ಟಿನ್ ಮೊದಲಾದ ಗುರುತಿನ ಪ್ರೋಟೀನುಗಳಿಂದ ಪರೀಕ್ಷಿಸಿ, ಬೇರೆ ಬೇರೆ ಪೋಷಣೆ ಕೊಟ್ಟು ಅವುಗಳಿಂದ ನರಕೋಶಗಳನ್ನೂ ನರಕೋಶಗಳ ಸಂಗಾತಿ ಕೋಶಗಳನ್ನೂ ಬರಿಸಿ ನೋಡುತ್ತಾರೆ. ಉಳಿದದ್ದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡಬಹುದು. ಇಷ್ಟೆಲ್ಲ ಮಾಡಿದರೂ ಪ್ರತಿ ಚೂರೂ ಫಲ ಕೊಡುವುದಿಲ್ಲ. ವಯಸ್ಸಾದಂತೆ ವಾಸನೆಯ ಪೊರೆಯ ನಡುನಡುವೆ ಉಸಿರಾಟದ ಪೊರೆ ತೇಪೆ ಹಾಕಿದಂತೆ ಬೆಳೆದುಕೊಂಡಿರುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೆಗೆದ ಜಾಗವನ್ನು ಅನುಸರಿಸಿ ವಾಸನೆಯ ಪೊರೆ ಸಿಗುವ ಸಂಭವ ಶೇಕಡಾ 30ರಿಂದ 76ರವರೆಗೆ ಇತ್ತು. ನಡುಗೋಡೆಯ ಹಿಂದಿನ ಮೇಲ್ಭಾಗ ಮತ್ತು ಮೇಲಿನ ಸುರುಳಿ ಎಲುಬು, ಇವೆರಡೇ ಹೆಚ್ಚು ಸಫಲವಾದ ಜಾಗಗಳು. ಹಾಗಾಗಿ ಅತ್ತೆಯವರ ಮೊದಲ ಚೂರು ನಿಷ್ಫಲವಾಗಿ ಎರಡನೆಯದಕ್ಕೆ ಕೇಳುವ ಸಂಭವವಿದೆ. ಬೇಡವೆನ್ನುವ ಹಕ್ಕು ಅವರಿಗೆ ಇದೆ.

ಇಷ್ಟು ಕಷ್ಟಪಟ್ಟು ಈ ಕೋಶಗಳನ್ನು ಬೆಳೆಸುವುದೇಕೆ? ಬದುಕಿರುವ ಮನುಷ್ಯನ ಮೆದುಳಿನಿಂದ ಚೂರು ತೆಗೆದು ನೋಡಲು ಆಗುವುದಿಲ್ಲ. ಸತ್ತ ಮೇಲೆ ಸಿಗುವ ಮೆದುಳು ಕಾಯಿಲೆಯ ಕೊನೆಯ ಪುಟವನ್ನು ಮಾತ್ರ ತೋರಿಸುತ್ತದೆ. ಮೂಗಿನ ಕೋಶವೋ ನರಜಾತಿಗೆ ಸೇರಿದ್ದು, ಆ ರೋಗಿಯದೇ ಜೀನುಗಳನ್ನು ಹೊತ್ತದ್ದು, ಜೀವಂತವಾಗಿರುವಂಥದ್ದು. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ಫ್ರೆಡ್ ರಾಯ್ಸೆನ್ ಅವರ ತಂಡ 2001ರಲ್ಲಿ ಮೃತರ ಮೂಗಿನ ಪೊರೆಯಿಂದಲೂ ಇಂಥ ಕೋಶಗಳನ್ನು ಬೆಳೆಸಬಹುದೆಂದು ತೋರಿಸಿ, ಆಮೇಲೆ ಎಂಡೋಸ್ಕೋಪಿನ ಮೂಲಕ ಬದುಕಿರುವವರಿಂದ ಪಡೆಯುವ ಕ್ರಮವನ್ನು ವಿವರಿಸಿತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಆಲನ್ ಮೆಕೇ-ಸಿಮ್ ಅವರ ಬಳಗ ಪಾರ್ಕಿನ್ಸನ್ ಇರುವವರ, ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಇರುವವರ ಮತ್ತು ಆರೋಗ್ಯವಂತರ ಮೂಗಿನ ಕೋಶಗಳನ್ನು ಪಕ್ಕಪಕ್ಕದಲ್ಲಿ ಬೆಳೆಸಿ ಹೋಲಿಸಿತು. 2010ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಸ್ಕಿಜೋಫ್ರೀನಿಯಾ ಇರುವವರ ಕೋಶಗಳಲ್ಲಿ ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟ ಜೀನುಗಳ ನಡವಳಿಕೆ ಬದಲಾಗಿತ್ತು. ಪಾರ್ಕಿನ್ಸನ್ ಇರುವವರ ಕೋಶಗಳಲ್ಲಿ ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದ ಕೆಲಸವೂ, ಆಕ್ಸಿಡೇಟಿವ್ ಒತ್ತಡವನ್ನು (ಕೋಶದೊಳಗೇ ಹುಟ್ಟುವ ಆಮ್ಲಜನಕದ ಉಗ್ರ ಕಣಗಳ ಹಾವಳಿಯನ್ನು) ತಡೆದುಕೊಳ್ಳುವ ವ್ಯವಸ್ಥೆಯೂ ಏರುಪೇರಾಗಿದ್ದವು. ಅದೇ ವ್ಯಕ್ತಿಗಳ ಚರ್ಮದ ಕೋಶಗಳು ಈ ವ್ಯತ್ಯಾಸಗಳನ್ನು ಅಷ್ಟಾಗಿ ಹೇಳಲಿಲ್ಲವೆಂಬುದೇ ಇದರ ಮಹತ್ವ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಉದಾಹರಣೆ ಇನ್ನೊಂದಿದೆ. ವಂಶಪಾರಂಪರ್ಯವಾಗಿ ಕಾಲುಗಳು ಬಿಗಿದುಕೊಂಡು ನಡಿಗೆ ಕಷ್ಟವಾಗುತ್ತ ಹೋಗುವ ಒಂದು ಕಾಯಿಲೆಯಲ್ಲಿ ಸ್ಪಾಸ್ಟ್ ಎಂಬ ಜೀನು ಕೆಟ್ಟಿರುತ್ತದೆ. ಆ ರೋಗಿಗಳ ಮೂಗಿನ ಕೋಶಗಳನ್ನು ಬೆಳೆಸಿ ನೋಡಿದಾಗ, ಕೋಶದ ಒಳಗೆ ಸಾಮಾನು ಸಾಗಿಸುವ ಹಳಿಗಳಂಥ ಸೂಕ್ಷ್ಮನಾಳಗಳು ಸರಿಯಿಲ್ಲದೆ ಸಾಗಾಟ ನಿಧಾನವಾಗಿದ್ದುದು ಕಂಡಿತು. ಆ ನಾಳಗಳ ಮೇಲೆ ಕೆಲಸ ಮಾಡುವ, ಬೇರೆ ಕಾಯಿಲೆಗಳಿಗೆ ಆಗಲೇ ಪರಿಚಿತವಾಗಿದ್ದ ಕೆಲವು ಮದ್ದುಗಳನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಹಾಕಿದಾಗ ತಟ್ಟೆಯೊಳಗಿನ ಕೋಶಗಳಲ್ಲಿ ದೋಷ ಸರಿಹೋಯಿತು. ರೋಗಿಗಳು ಗುಣವಾದರೆಂದು ಇದರ ಅರ್ಥವಲ್ಲ. ಆದರೆ ಯಾವ ಮದ್ದನ್ನು ರೋಗಿಗಳಲ್ಲಿ ಪರೀಕ್ಷಿಸಲು ಯೋಗ್ಯ ಎಂದು ಆರಿಸುವುದಕ್ಕೆ ಇಷ್ಟು ಒಳ್ಳೆಯ ದಾರಿ ಹಿಂದೆ ಇರಲಿಲ್ಲ. ಅತ್ತೆಯವರ ಜೀರಿಗೆಯಷ್ಟು ಚೂರು ಹೋಗಿ ಸೇರುವುದು ಇಂಥ ಕೆಲಸಕ್ಕೆ.

ಚರ್ಮದ ಅಥವಾ ರಕ್ತದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಕಾಂಡಕೋಶ ಮಾಡುವ ವಿಧಾನವನ್ನು ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿ ಕಂಡುಹಿಡಿದು, ಮುಂದಿನ ವರ್ಷವೇ ಮಾನವ ಕೋಶಗಳಲ್ಲೂ ಸಾಧಿಸಿ ತೋರಿಸಿದರು. 2012ರ ನೊಬೆಲ್ ಅದಕ್ಕೇ ಬಂತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಾಲುದಾರನಾಗಿರುವ ಮಿದುಳು ಕಾಯಿಲೆಗಳ ಸಂಶೋಧನೆಯಲ್ಲಿ ಈ ವಿಧಾನವೇ ಬಳಕೆಯಲ್ಲಿದೆ. ಅದರಿಂದ ಬೇಕಾದ ಬಗೆಯ ನರಕೋಶವನ್ನು ಹೆಚ್ಚು ಖಚಿತವಾಗಿ ಪಡೆಯಬಹುದು, ಆದರೆ ತಿಂಗಳುಗಟ್ಟಲೆ ಸಮಯವೂ ಖರ್ಚೂ ಬೇಕು, ಕೋಶ ತನ್ನ ಬದುಕಿನಲ್ಲಿ ಗಳಿಸಿದ ಗುರುತುಗಳು ಬಹಳಷ್ಟು ಅಳಿಸಿಹೋಗುತ್ತವೆ. ಮೂಗಿನ ಕೋಶಕ್ಕೆ ಆ ತಿರುಗಿಸುವಿಕೆ ಬೇಕಾಗುವುದಿಲ್ಲ. ಎರಡೂ ಬೇಕಾದ ವಿಧಾನಗಳೇ. ಒಂದು ಇನ್ನೊಂದನ್ನು ತಳ್ಳಿಹಾಕುವುದಿಲ್ಲ.

ಎಂಡೋಸಲ್ಫಾನಿನ ಪ್ರಶ್ನೆಗೆ ಬರುತ್ತೇನೆ. ಎಣ್ಮಕಜೆಯ ಕಡೆಯ ಗುಡ್ಡಗಳ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಆ ವಿಷವನ್ನು ಸಿಂಪಡಿಸಿದ್ದನ್ನೂ ಆಮೇಲೆ ಕಂಡ ಮಕ್ಕಳ ಸ್ಥಿತಿಯನ್ನೂ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೆದುಳಿನಲ್ಲಿ ನರಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ವ್ಯವಸ್ಥೆಯನ್ನು ಎಂಡೋಸಲ್ಫಾನ್ ತಡೆಯುತ್ತದೆ. ಅಪಸ್ಮಾರ ಬರುವುದಕ್ಕೆ ಅದು ಒಂದು ದಾರಿ. ಇಂಥ ವಿಷಗಳು ಮಾನವ ನರಕೋಶಗಳಿಗೆ ಏನು ಮಾಡುತ್ತವೆಂದು ತಟ್ಟೆಯಲ್ಲಿ ಪರೀಕ್ಷಿಸಲು ಮೂಗಿನಿಂದ ಬೆಳೆಸಿದ ಕೋಶಗಳು ತಕ್ಕವೇ. ಆದರೆ ಗರ್ಭದಲ್ಲಿ ಅಥವಾ ಎಳವೆಯಲ್ಲಿ ಆಗಿಹೋದ ಹಾನಿಯನ್ನು ಇಂದು ಮಗುವಿನ ಮೂಗಿನಿಂದ ತೆಗೆದ, ಎಷ್ಟೋ ಸಲ ಹಳೆಯದು ಹೋಗಿ ಹೊಸದಾಗಿ ಹುಟ್ಟಿದ ಕೋಶದಲ್ಲಿ ಓದಲು ಸಾಧ್ಯವೆಂದು ನಾನು ಭಾವಿಸುವುದಿಲ್ಲ. ಮಕ್ಕಳಿಗೆ ಬಯಾಪ್ಸಿ ಮಾಡಬೇಕಾದರೆ ಪೂರ್ಣ ಅರಿವಳಿಕೆಯೂ ಬೇಕು. ಆ ಮಕ್ಕಳ ಮನೆಗಳಿಗೆ ಈಗಾಗಲೇ ಎಷ್ಟು ಸಮೀಕ್ಷೆಗಳು, ಎಷ್ಟು ತಪಾಸಣೆಗಳು ಬಂದುಹೋಗಿವೆಯೆಂಬುದನ್ನು ನೆನೆದರೆ, ಅವರಿಗೆ ನೇರ ಪ್ರಯೋಜನವಿಲ್ಲದ ಇನ್ನೊಂದು ಚುಚ್ಚುವಿಕೆಗೆ ಅವರನ್ನು ಕೇಳುವುದು ನನಗೆ ಸರಿಯೆನಿಸುವುದಿಲ್ಲ.

ಈಗ ತಮ್ಮನ ವಿಷಯ. ಮೂಗಿನ ಅಂಗಾಂಶವನ್ನು ಬೆನ್ನುಹುರಿಗೆ ಹಾಕಿದ್ದು ಸುಳ್ಳಲ್ಲ. ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಕಾರ್ಲೋಸ್ ಲೀಮಾ ಅವರ ತಂಡ ಇಡೀ ಪೊರೆಯ ಚೂರುಗಳನ್ನೇ ಗಾಯದ ಜಾಗದಲ್ಲಿ ತುಂಬಿ, ಮೊದಲ ಏಳು ರೋಗಿಗಳ ವರದಿಯನ್ನು 2006ರಲ್ಲಿ ಪ್ರಕಟಿಸಿತು. ಬ್ರಿಸ್ಬೇನಿನಲ್ಲಿ ಮೆಕೇ-ಸಿಮ್ ಅವರ ತಂಡ 2002ರಲ್ಲಿ ಆರಂಭಿಸಿದ ಪ್ರಯೋಗ ಹೆಚ್ಚು ಎಚ್ಚರದ್ದು: ಪೊರೆಯಿಂದ ಹೊದಿಕೆ ಕೋಶಗಳನ್ನು ಬೇರ್ಪಡಿಸಿ, ಬೆಳೆಸಿ, ಮೂವರಿಗೆ ಹಾಕಿ, ಹಾಕದ ಮೂವರೊಂದಿಗೆ ಹೋಲಿಸಿ ಮೂರು ವರ್ಷ ಗಮನಿಸಿದರು. ಕ್ರಮ ಸುರಕ್ಷಿತವೆಂದು ಕಂಡಿತು. ಒಬ್ಬರಲ್ಲಿ ಮೆಲುಸ್ಪರ್ಶದ ಅರಿವು ಸ್ವಲ್ಪ ಕೆಳಗಿನವರೆಗೆ ಹಬ್ಬಿತು. ಕಾಲಿನ ಚಲನೆ ಯಾರಿಗೂ ಮರಳಲಿಲ್ಲ. ದೆಹಲಿಯಲ್ಲೂ ಬೆನ್ನುಹುರಿಯ ಹಳೆಯ ಗಾಯವಿದ್ದ ಐವರಿಗೆ ಪೊರೆಯ ಚೂರು ಹಾಕಿ ನೋಡಿದ ವರದಿ 2009ರಲ್ಲಿ ಬಂತು, ಗುಣ ಕಾಣಲಿಲ್ಲ.

ಆ ಕೇಂದ್ರದವರು ಪತ್ರಿಕೆಯ ತುಣುಕೊಂದನ್ನು ನಿಮಗೆ ತೋರಿಸಿದ್ದರೆ ಅದು ಬಹುಶಃ 2014ರ ಪೋಲೆಂಡಿನ ಸುದ್ದಿಯಾಗಿರುತ್ತದೆ. ಲಂಡನ್ನಿನ ಜೆಫ್ರಿ ರೈಸ್ಮನ್ ಅವರ ಸಂಶೋಧನೆಯ ಆಧಾರದಲ್ಲಿ ವ್ರೊಟ್ಸ್‌ವಾಫಿನ ಪಾವೆಲ್ ತಬಾಕೋವ್ ಅವರ ತಂಡ ಚಾಕುವಿನ ಇರಿತದಿಂದ ಬೆನ್ನುಹುರಿ ತುಂಡಾಗಿದ್ದ ಒಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿತು. ಅವರು ಆಸರೆ ಹಿಡಿದು ಹೆಜ್ಜೆ ಹಾಕುವಂತಾದರು. ಆದರೆ ಕೋಶಗಳನ್ನು ತೆಗೆದದ್ದು ಮೂಗಿನ ಪೊರೆಯಿಂದ ಅಲ್ಲ. ತಲೆಬುರುಡೆ ತೆರೆದು ಮೆದುಳಿನ ಕೆಳಗಿರುವ ವಾಸನೆಯ ನರಗಳು ಬಂದು ಸೇರುವ ಮೊಗ್ಗಿನಂಥ ಭಾಗವೊಂದನ್ನೇ ತೆಗೆದು ಅದರಿಂದ ಹೊದಿಕೆ ಕೋಶಗಳನ್ನು ಬೆಳೆಸಿ, ಅವರ ಕಾಲಿನ ನರದ ಎಳೆಗಳನ್ನು ಗಾಯದ ಸಂದಿಗೆ ಸೇತುವೆಯಾಗಿ ಇಟ್ಟಿದ್ದರು. ಚಾಕುವಿನ ಗಾಯ ನೇರವಾಗಿ ಕೊಯ್ದ ಗಾಯ. ಮರದಿಂದ ಬಿದ್ದಾಗ 'ಜಜ್ಜಿದ' ಗಾಯವಾಗುತ್ತದೆ. ಇರಿತಕ್ಕೊಳಗಾದ ಆ ರೋಗಿ ಶಸ್ತ್ರಚಿಕಿತ್ಸೆಯ ಹಿಂದೆ ಮುಂದೆ ವರ್ಷಗಳ ಕಾಲ ದಿನವಹಿ ಕಠಿಣ ವ್ಯಾಯಾಮ ಮಾಡಿದ್ದರು. ಒಬ್ಬರ ಫಲಿತಾಂಶದಿಂದ ಇನ್ನೊಬ್ಬರಿಗೆ ಭರವಸೆ ಕೊಡಲು ಬರುವುದಿಲ್ಲ.

ಅದೇ 2014ರಲ್ಲಿ ಇನ್ನೊಂದು ವರದಿಯೂ ಬಂದಿತ್ತು, ಅದನ್ನು ಆ ಕೇಂದ್ರದವರು ತೋರಿಸಿರುವುದಿಲ್ಲ. ಎಂಟು ವರ್ಷಗಳ ಹಿಂದೆ ಬೆನ್ನುಹುರಿಗೆ ಮೂಗಿನ ಪೊರೆ ಹಾಕಿಸಿಕೊಂಡಿದ್ದ ಮಹಿಳೆಯೊಬ್ಬರು ಬೆನ್ನುನೋವೆಂದು ಬಂದಾಗ, ಆ ಜಾಗದಲ್ಲಿ ಲೋಳೆ ಸುರಿಸುವ ಗಡ್ಡೆ ಬೆಳೆದಿರುವುದು ಕಂಡು ಅದನ್ನು ತೆಗೆಯಬೇಕಾಯಿತು. ಅದು ಕ್ಯಾನ್ಸರ್ ಆಗಿರಲಿಲ್ಲ. ಮೂಗಿನ ಪೊರೆ ಮೂಗಿನಲ್ಲಿ ಮಾಡುವ ಕೆಲಸವನ್ನೇ ಬೆನ್ನಿನೊಳಗೂ ಮಾಡುತ್ತಿತ್ತು. ತೆಗೆಯುವುದು ಹತ್ತು ನಿಮಿಷದ ಕೆಲಸ, ಬೇಕಾದ ಕೋಶವನ್ನು ಬೇಡದ ಕೋಶದಿಂದ ಬೇರ್ಪಡಿಸುವುದೇ ವರ್ಷಗಳ ಕೆಲಸ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಾನೂನಿನ ಮಾತೂ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತದ ಕಾಂಡಕೋಶಗಳ ಕಸಿಯಂಥ ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ, ಬೇರೆ ಯಾವ ಕಾಯಿಲೆಗೂ ಕಾಂಡಕೋಶವನ್ನು ಅನುಮೋದಿತ, ರೋಗಿಗಳಲ್ಲಿ ಮದ್ದನ್ನು ಕ್ರಮಬದ್ಧವಾಗಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಬಳಸುವುದು ಅನೈತಿಕ. ಟ್ರಯಲ್ ಎಂದಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಭಾಗವಹಿಸುವವರಿಂದ ಚಿಕಿತ್ಸೆಗೆಂದು ಹಣ ತೆಗೆದುಕೊಳ್ಳಬಾರದು. ಲಕ್ಷಗಟ್ಟಲೆ ಕೇಳಿದ್ದಾರೆಂದರೆ ಅದು ಟ್ರಯಲ್ ಅಲ್ಲ. ನೋಂದಣಿ ಸಂಖ್ಯೆ ಕೊಡಿ ಎಂದು ಬರಹದಲ್ಲಿ ಕೇಳಿ.

ಆ ಹಣ ನಿಮ್ಮಲ್ಲಿದ್ದರೆ, ಇಲ್ಲವೇ ತೋಟ ಅಡವಿಟ್ಟು ತರಬೇಕೆಂದಿದ್ದರೆ, ಅದನ್ನು ಉಳಿಸಿ ತಮ್ಮನ ಇಂದಿನ ದೇಹಕ್ಕೆ ಖರ್ಚು ಮಾಡಿ ಎಂದು ಬೇಡಿಕೊಳ್ಳುತ್ತೇನೆ. ಬೆನ್ನುಹುರಿಯ ಗಾಯವಾದವರ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ಒತ್ತುಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಶುಚಿಯಾಗಿ ಕೊಳವೆ ಹಾಕಿ ಕಾಲಕಾಲಕ್ಕೆ ಮೂತ್ರ ತೆಗೆಯುವುದನ್ನು ಅವನೇ ಕಲಿಯುವುದು, ಕೀಲುಗಳು ಬಿಗಿಯದಂತೆ ವ್ಯಾಯಾಮ, ಅಳತೆಗೆ ಸರಿಯಾದ ಗಾಲಿಕುರ್ಚಿ ಮತ್ತು ದಿಂಬು ಇವು ಸಿಕ್ಕರೆ ಅವನು ಮನೆಯಿಂದ ಹೊರಗೆ ಬಂದು ದುಡಿಯಬಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪುನರ್ವಸತಿ ಕೇಂದ್ರವನ್ನು 1966ರಲ್ಲಿ ಕಟ್ಟಿದ ಡಾ. ಮೇರಿ ವರ್ಗೀಸ್ ಅವರು ಸ್ವತಃ 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲೇ ಕುಳಿತು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಒಮ್ಮೆ ಅಲ್ಲಿಗೆ, ಅಥವಾ ಮಂಗಳೂರಿನಲ್ಲಿ ಪುನರ್ವಸತಿ ವಿಭಾಗವಿರುವ ಯಾವುದಾದರೂ ಆಸ್ಪತ್ರೆಗೆ ತಮ್ಮನನ್ನು ಕರೆದುಕೊಂಡು ಹೋಗಿ. ಕೇರಳದಲ್ಲಿ 2008ರ ಪಾಲಿಯೇಟಿವ್ (ದೀರ್ಘಕಾಲದ ರೋಗಿಗಳ ನೋವುಶಮನ, ಆರೈಕೆಯ) ನೀತಿಯ ಪ್ರಕಾರ ಪಂಚಾಯತಿನ ಮೂಲಕ ಮನೆಗೇ ಬರುವ ನರ್ಸುಗಳಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಮ್ಮನ ಹೆಸರು ಬರೆಸಿ. ಮುಂದೆ ನಿಜವಾದ ಟ್ರಯಲ್ ಬಂದರೂ, ಹುಣ್ಣಿಲ್ಲದ, ಕೀಲು ಬಿಗಿಯದ ದೇಹಕ್ಕೆ ಮಾತ್ರ ಅದರಲ್ಲಿ ಜಾಗ ಸಿಗುತ್ತದೆ.

ಅತ್ತೆಯವರಿಗೆ ಕೊಡುವ ಮಾಹಿತಿಪತ್ರ ಮತ್ತು ಒಪ್ಪಿಗೆಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ನಮ್ಮ ಜಿಲ್ಲೆಯಲ್ಲಿ ಮಲಯಾಳದ ಅಥವಾ ಇಂಗ್ಲಿಷಿನ ಹಾಳೆ ಮುಂದಿಟ್ಟು 'ಇಲ್ಲಿ ರುಜು ಹಾಕಿ' ಎನ್ನುವುದು ಎಷ್ಟು ರೂಢಿಯಾಗಿದೆಯೆಂದರೆ ನಾವೂ ಪ್ರಶ್ನಿಸುವುದನ್ನು ಮರೆತಿದ್ದೇವೆ. ಕನ್ನಡದ ಪ್ರತಿ ಕೇಳಿ. ಕೊಡುವುದು ಅವರ ಕರ್ತವ್ಯ. ಅದರಲ್ಲಿ ಕೋಶಗಳನ್ನು ಎಷ್ಟು ವರ್ಷ ಇಡುತ್ತಾರೆ, ಬೇರೆ ಸಂಸ್ಥೆಗೆ ಅಥವಾ ಬೇರೆ ದೇಶಕ್ಕೆ ಕಳುಹಿಸುತ್ತಾರೆಯೇ, ಜೀನುಗಳನ್ನು ಓದಿದಾಗ ಮನೆಯ ಬೇರೆಯವರಿಗೂ ಸಂಬಂಧಿಸಿದ ಅಪಾಯ ಕಂಡರೆ ತಿಳಿಸುತ್ತಾರೆಯೇ, ಮನಸ್ಸು ಬದಲಿಸಿದರೆ ಉಳಿದ ಕೋಶಗಳನ್ನು ನಾಶಮಾಡುತ್ತಾರೆಯೇ ಎಂಬುದೆಲ್ಲ ಇರಬೇಕು. ಒಪ್ಪದಿದ್ದರೆ ಅವರ ಮಾಮೂಲು ಚಿಕಿತ್ಸೆಗೆ ಏನೂ ಕುಂದು ಬರುವುದಿಲ್ಲವೆಂಬ ಮಾತೂ ಇರಬೇಕು. ಇದರಿಂದ ಅತ್ತೆಯವರ ನಡುಕ ಕಡಿಮೆಯಾಗುವುದಿಲ್ಲ. ಅದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ, ತೀರ್ಮಾನ ಅವರದೇ ಆಗಿರಲಿ.

ಒಪ್ಪಿದರೆ, ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಯನ್ನು ಮೂಗಿನ ವೈದ್ಯರಿಗೆ ತೋರಿಸಿ. ಪಾರ್ಕಿನ್ಸನ್ನಿನ ಕೆಲವು ಮದ್ದುಗಳಿದ್ದಾಗ ಅಡ್ರಿನಲಿನ್ನನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಮಾತ್ರೆಯ ಪರಿಣಾಮ ಚೆನ್ನಾಗಿದ್ದು ತಲೆಯ ನಡುಕ ಕಡಿಮೆಯಿರುವ ಹೊತ್ತನ್ನು ಆರಿಸಿಕೊಳ್ಳಿ, ಏಕೆಂದರೆ ಆ ಕೆಲವು ನಿಮಿಷ ತಲೆ ಅಲುಗಾಡಬಾರದು. ಶೀತವಿದ್ದರೆ ದಿನ ಮುಂದೂಡಿಸಿ. ಆಮೇಲೆ ಒಂದು ವಾರ ಮೂಗನ್ನು ಜೋರಾಗಿ ಸೀಟುವುದು ಬೇಡ, ನಶ್ಯವೂ ಬೇಡ. ಮೂಗಿನಿಂದ ಬಣ್ಣವಿಲ್ಲದ ನೀರು ಹನಿಹನಿಯಾಗಿ ಬರುತ್ತಿದ್ದರೆ, ಅದರಲ್ಲೂ ಬಗ್ಗಿದಾಗ ಹೆಚ್ಚಾದರೆ, ಶೀತವೆಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.